ಹೈಡ್ರಾದಿಂದ 50 ಟನ್ ಟೆಲಿಸ್ಕೋಪಿಕ್‌ಗೆ: ಯಾರ್ಡ್‌ನಲ್ಲಿ ಏನೇನು ಕಲಿಸಬೇಕು?

ಕೋಟೆ ಯಾರ್ಡ್ (ಚಿತ್ರದುರ್ಗ):
14 ಟನ್ ಹೈಡ್ರಾ (ಮಾಲು ಎತ್ಕೊಂಡೇ ಓಡಾಡೋ ಚಿಕ್ಕ ಕ್ರೇನ್) ಚೆನ್ನಾಗಿ ಓಡಿಸೋ ಇಬ್ಬರು ಹುಡುಗರನ್ನ 50 ಟನ್ ಟೆಲಿಸ್ಕೋಪಿಕ್ (ತೋಳು ಉದ್ದವಾಗೋ) ಟ್ರಕ್ ಕ್ರೇನ್‌ಗೆ ಹತ್ತಿಸಬೇಕು. ಮುಂದೆ ಫ್ಯಾನ್ ಸೈಟ್ (ಗಾಳಿ ವಿದ್ಯುತ್ ಗಿರಣಿ) ಕೆಲಸ ಇದೆ. ಹತ್ತು ದಿನ ಗಾಡಿ ಖಾಲಿ. ಎಲ್ಲಿಂದ ಶುರು ಮಾಡ್ಸೋದು?

ಬೂಮಣ್ಣ (ದಾವಣಗೆರೆ):
ಮೊದಲು ಒಂದು ಚಟ ಬಿಡಿಸಿ ಸರ್. ಹೈಡ್ರಾದವರು ಹಿಂದಿನ ಟೈರ್ ಹಗುರಾಗೋದರಲ್ಲೇ ತೂಕ ಅಳೀತಾರೆ. ಇಲ್ಲಿ ಬೂಮ್ (ಕ್ರೇನ್ ತೋಳು) ಮೇಲಕ್ಕೆ ನಿಂತು ರೇಡಿಯಸ್ (ಗಾಡಿ ತಿರುಗೋ ನಡುವಿನಿಂದ ಹುಕ್‌ವರೆಗಿನ ಅಡ್ಡ ದೂರ) ಕಮ್ಮಿ ಇದ್ದಾಗ, ಗಾಡಿ ಮಗುಚೋಕೆ ಮುಂಚೆ ಬೂಮೇ ಮಡಚ್ಕೊಳ್ಳಬಹುದು. ಜಾಕ್ (ಗಾಡಿ ಪಕ್ಕಕ್ಕೆ ಚಾಚಿ ನೆಲಕ್ಕೆ ಊರೋ ಕಾಲು) ಮಿಸುಕಿರೋದೇ ಇಲ್ಲ. ಎಷ್ಟೋ ಲೋಡ್ ಚಾರ್ಟ್‌ಗಳಲ್ಲಿ (ಯಾವ ರೇಡಿಯಸ್‌ಗೆ ಎಷ್ಟು ಎತ್ತಬಹುದು ಅನ್ನೋ ಪಟ್ಟಿ) ದಪ್ಪ ಗೆರೆ ಇರೋದು ಇದಕ್ಕೇ: ಒಂದು ಕಡೆ ಉಕ್ಕಿನ ಮಿತಿ, ಇನ್ನೊಂದು ಕಡೆ ಮಗುಚೋ ಮಿತಿ.

ಮೊದಲೆರಡು ದಿನ ಕ್ಯಾಬಿನ್ ಬೇಡ. ಚಾರ್ಟ್, ಟೇಪು, ಪೆನ್ನು ಸಾಕು. ಮಾಲು 6 ಟನ್, ಹುಕ್ ಬ್ಲಾಕ್ 400 ಕೆಜಿ, ಸ್ಲಿಂಗು ಶಾಕಲ್ (ಮಾಲು ಕಟ್ಟೋ ಹಗ್ಗ, ಕೊಂಡಿ) 100 ಕೆಜಿ ಅಂದ್ರೆ ಚಾರ್ಟ್‌ನಲ್ಲಿ 6.5 ಟನ್ ನೋಡಬೇಕು. ರೇಡಿಯಸ್ ಗಾಡಿ ತಿರುಗೋ ನಡುಬಿಂದುವಿನಿಂದ ಅಳೀಬೇಕು. 9.4 ಮೀಟರ್ ಬಂತಾ, 10 ಮೀಟರಿನ ಸಾಲು ಓದಬೇಕು. ಎತ್ತಿದ ಮೇಲೆ ಬೂಮ್ ಬಾಗಿ ರೇಡಿಯಸ್ ಹೆಚ್ಚುತ್ತೆ, ಅದಕ್ಕೇ 10 ಸೆಂ.ಮೀ. ಎತ್ತಿ ನಿಲ್ಲಿಸಿ ಮತ್ತೆ ಅಳೆಸಿ.

ಎರೆಹೊಲ:
ಜಾಕ್ ಪಾಠಕ್ಕೇ ಒಂದು ಪೂರ್ತಿ ದಿನ ಇಡಿ. ಗಾಡಿ 38 ಟನ್, ಮಾಲು 6, ಒಟ್ಟು 44. ಬೂಮ್ ಒಂದು ಜಾಕ್ ಮೇಲೆ ಬಂದಾಗ ಮುಕ್ಕಾಲು ಭಾರ ಅದಕ್ಕೇ ಅಂತ ಹಿಡೀರಿ: 33 ಟನ್. ಚದರ ಮೀಟರ್‌ಗೆ 10 ಟನ್ ತಡೆಯೋ ನೆಲಕ್ಕೆ 3.3 ಚದರ ಮೀಟರ್ ಹಾಸು ಬೇಕು. ಜಾಕ್‌ನ ಅರ್ಧ ಮೀಟರ್ ಅಗಲದ ದುಂಡು ಪ್ಯಾಡ್ 0.2 ಚದರ ಮೀಟರ್ ಅಷ್ಟೇ! ಮಳೆ ಬಿದ್ದ ಎರೆ ನೆಲದಲ್ಲಿ 10 ಟನ್ನೂ ನಂಬಬೇಡಿ. ಸ್ಲೀಪರ್‌ಗಳ (ಹಾಸಿನ ದಿಮ್ಮಿ) ನಡುವೆ ಸಂದು ಇರಬಾರದು, ಪ್ಯಾಡ್ ಹಾಸಿನ ಮಧ್ಯಕ್ಕೆ ಕೂರಬೇಕು. ಲೆವೆಲ್ ಸರಿ ಮಾಡೋದಿದ್ರೆ ಮಾಲು ಕೆಳಗಿಳಿಸಿಯೇ ಮಾಡಬೇಕು.

ಕೋಟೆ ಯಾರ್ಡ್:
ಎಲ್‌ಎಂಐ (ಭಾರ ಮಿತಿ ದಾಟಿದ್ರೆ ಎಚ್ಚರಿಸಿ ತಡೆಯೋ ಸಾಧನ) ಇದೆಯಲ್ಲಣ್ಣ, ಅದು ತಡೆಯಲ್ವಾ?

ಬೂಮಣ್ಣ:
ನೀವು ಒತ್ತಿದ್ದನ್ನೇ ಅದು ನಂಬೋದು. ರೋಪು 4 ಫಾಲ್ (ಹುಕ್ ಹೊರೋ ಎಳೆ) ಹಾಕಿ ಸ್ಕ್ರೀನಲ್ಲಿ 8 ಅಂತ ಕೊಟ್ರೆ, ರೋಪಿನ ಮಿತಿ ದಾಟಿದ್ರೂ ಸುಮ್ನಿರಬಹುದು. ಜಾಕ್ ಅರ್ಧ ಮಾತ್ರ ಚಾಚಿ ಪೂರ್ತಿ ಅಂತ ಒತ್ತಿದ್ರೂ ಅದೇ ಕಥೆ. ನೆಲ ಕುಸಿಯೋದಂತೂ ಅದಕ್ಕೆ ಗೊತ್ತೇ ಆಗಲ್ಲ. ಒಂದು ಘನ ಮೀಟರ್ ಕಾಂಕ್ರೀಟ್ ಬ್ಲಾಕ್ ಸುಮಾರು 2.4 ಟನ್ ಇರುತ್ತೆ. ಅದನ್ನೆತ್ತಿ ಪರದೆ ಏನು ತೋರಿಸುತ್ತೆ ನೋಡಿ, ಹುಕ್ ತೂಕ ಕಳೆದಿದೆಯಾ ಅಂತಲೂ ನೋಡಿ. ಬೈಪಾಸ್ ಕೀ (ಎಲ್‌ಎಂಐ ತಡೆ ತಪ್ಪಿಸೋ ಕೀ) ನಿಮ್ಮ ಜೇಬಲ್ಲೇ ಇರಲಿ.

ಜೋಗಿಮಟ್ಟಿ ಗಾಳಿ:
ಸ್ಲೂಯಿಂಗ್ (ಬೂಮ್ ಪಕ್ಕಕ್ಕೆ ತಿರುಗಿಸೋದು) ಕಲಿಸೋಕೆ 200 ಲೀಟರ್ ಡ್ರಮ್, ಕಂಠದವರೆಗೂ ನೀರು, ಮುಚ್ಚಳ ಇಲ್ಲ. 90 ಡಿಗ್ರಿ ತಿರುಗಿಸಿ ಸುಣ್ಣದ ವೃತ್ತದೊಳಗೆ ಇಳಿಸಲಿ. ಡ್ರಮ್ ತೂಗಾಡಿದ್ರೆ ಹುಡುಗ ತಕ್ಷಣ ಹಿಂದಕ್ಕೆ ಎಳೀತಾನೆ, ಆಗ ಇನ್ನೂ ಜಾಸ್ತಿ ತೂಗುತ್ತೆ. ಡ್ರಮ್ ಮುಂದೆ ಹೋದಾಗ ಬೂಮ್ ತುದಿನ ಅದರ ನೆತ್ತಿಗೆ ತಂದು ನಿಲ್ಲಿಸೋದು ಕಲಿಸಿ. ಗುಡ್ಡದ ಮೇಲಿನ ಸೈಟ್‌ಗೆ ಗಾಳಿ ಮೀಟರ್ ಬೂಮ್ ತುದಿಯಲ್ಲೇ ಬೇಕು, ನೆಲದಲ್ಲಿ ಓದಿದ್ದು ಕಮ್ಮಿ ತೋರಿಸುತ್ತೆ. ರೆಕ್ಕೆಯಂಥ ಅಗಲದ ಮಾಲಿಗೆ ಚಾರ್ಟ್‌ನ ಗಾಳಿ ಮಿತಿಗಿಂತ ಮೊದಲೇ ಕೆಲಸ ನಿಲ್ಲಿಸಬೇಕಾಗುತ್ತೆ.