ಖಾಸಗಿ ಬೋರ್‌ವೆಲ್ ನೀರು: ಪರೀಕ್ಷೆ ಮಾಡಿಸುವುದು ಯಾರ ಹೊಣೆ?

ಸುಮಾ: ನಮ್ಮ 20 ಮನೆಗಳಿಗೂ ಒಬ್ಬ ಮಾಲೀಕರ ಬೋರ್‌ವೆಲ್‌ನಿಂದಲೇ ನೀರು. ಟೆಸ್ಟ್ ರಿಪೋರ್ಟ್ ಕೇಳಿದರೆ ಟಿಡಿಎಸ್ ಮೀಟರ್ ಅದ್ದಿ, "ನೋಡಿ, 210. ಇನ್ನೇನು ಬೇಕು?" ಅನ್ನುತ್ತಾರೆ. ಅಷ್ಟು ಸಾಕಾ?

ಗಿರೀಶ್: ಸಾಲದು. ಟಿಡಿಎಸ್ ಹೇಳುವುದು ಒಟ್ಟು ಎಷ್ಟು ಲವಣ ಕರಗಿದೆ ಅಂತ ಮಾತ್ರ. ಬ್ಯಾಕ್ಟೀರಿಯಾ ಅದಕ್ಕೆ ಕಾಣುವುದೇ ಇಲ್ಲ. ಆ 210ರಲ್ಲಿ ಏನೇನಿದೆ ಅಂತಲೂ ಗೊತ್ತಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಲೀಟರಿಗೆ ಆರ್ಸೆನಿಕ್ 0.01 ಮಿಲಿಗ್ರಾಂ, ಫ್ಲೋರೈಡ್ 1.5, ನೈಟ್ರೇಟ್ 50 ದಾಟಬಾರದು. ಇವನ್ನು ಲ್ಯಾಬ್‌ನಲ್ಲೇ ನೋಡಿಸಬೇಕು.

ಹಳೇಪಂಪು: ಸುಮ್ನೆ ಹೆದರಿಸಬೇಡಿ ಸ್ವಾಮಿ. ನಾನೂ ಇಂಥದ್ದೊಂದು ನಡೆಸುತ್ತೇನೆ. ಆಳದ ನೀರನ್ನು ಮಣ್ಣೇ ಸೋಸಿ ಕೊಡುತ್ತದೆ. ಭಯ ಇದ್ದವರು ಕುದಿಸಿ ಕುಡಿಯಲಿ.

ಗಿರೀಶ್: ಕುದಿಸಿದರೆ ರೋಗಾಣು ಸಾಯುತ್ತವೆ, ಸರಿ. ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಜಾಸ್ತಿಯಾಗುತ್ತದೆ. ಬಾಟಲಿ ಹಾಲಿನ ಕೂಸಿಗೆ ಅದು ಅಪಾಯ, ರಕ್ತ ಆಮ್ಲಜನಕ ಹೊರುವುದೇ ಕಷ್ಟವಾಗುತ್ತದೆ. ಮಣ್ಣು ಸೋಸುವುದೂ ನಿಜ. ಆದರೆ ಕೇಸಿಂಗ್, ಅಂದರೆ ಬೋರ್‌ವೆಲ್ ಒಳಗೆ ಇಳಿಸುವ ಪೈಪಿನ ಸುತ್ತ ಸಂದು ಬಿಟ್ಟಿದ್ದರೆ ಮಳೆನೀರು ಸೀದಾ ಒಳಗಿಳಿಯುತ್ತದೆ.

ನಾಗವೇಣಿ: ಕೆನಡಾದ ವಾಕರ್ಟನ್‌ನಲ್ಲಿ 2000ರಲ್ಲಿ ಜೋರು ಮಳೆಗೆ ಸಗಣಿ ಗೊಬ್ಬರದ ಕೊಳೆ ಊರಿನ ಕುಡಿಯುವ ನೀರಿನ ಬಾವಿ ಸೇರಿತು. 7 ಜನ ಸತ್ತರು, 2 ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ನೀರು ಬಿಡುವವರು ಕ್ಲೋರಿನ್ ಲೆಕ್ಕವನ್ನೇ ಸುಳ್ಳು ಬರೆದಿಟ್ಟಿದ್ದರು. ಅದಕ್ಕೇ ಸರ್ಕಾರದ ಇನ್ಸ್‌ಪೆಕ್ಟರ್ ಬಂದು ನೋಡಬೇಕು ಅನ್ನುವುದು.

ಹಳೇಪಂಪು: ಅದು ಊರಿನದ್ದೇ ಬಾವಿ, ಸರ್ಕಾರದ ಕಣ್ಣೂ ಇತ್ತು. ಆದರೂ ಹಾಗಾಯಿತಲ್ಲ! ಮತ್ತೆ ನಮ್ಮ ತಲೆ ಮೇಲೆ ಇನ್ಸ್‌ಪೆಕ್ಟರ್ ಯಾಕೆ? ಆ ಖರ್ಚೂ ನೀರಿನ ಬಿಲ್ಲಿಗೇ ಬರುತ್ತದೆ.

ನಾಗವೇಣಿ: ಖರ್ಚಿನ ಮಾತು ಒಪ್ಪುತ್ತೇನೆ. ಅಮೆರಿಕದ ಕೇಂದ್ರ ಕಾನೂನು ಕೂಡ ತೀರಾ ಸಣ್ಣವರನ್ನು ಬಿಡುತ್ತದೆ. ಆದರೆ 15 ಸಂಪರ್ಕ ಇದ್ದರೆ, ಇಲ್ಲವೇ 25 ಜನ ಕುಡಿಯುತ್ತಿದ್ದರೆ ಖಾಸಗಿಯಾದರೂ ಬಿಡುವುದಿಲ್ಲ. ಸುಮಾ ಅವರ 20 ಮನೆ ಅಲ್ಲಿದ್ದಿದ್ದರೆ ಒಳಗೇ ಬರುತ್ತಿತ್ತು. ಇನ್ಸ್‌ಪೆಕ್ಟರ್ ಬರಲಿ ಬಿಡಲಿ, ನೀರು ಮಾರುವವರೇ ಸ್ಯಾಂಪಲ್ ತೆಗೆದು, ರಿಪೋರ್ಟನ್ನೂ ಅವರೇ ಬೀರುವಿನಲ್ಲಿಟ್ಟುಕೊಂಡರೆ ಹೇಗೆ? ಕುಡಿಯುವವರಲ್ಲಿ ಒಬ್ಬರಾದರೂ ಎದುರಿಗಿರಬೇಕು ಅಲ್ವಾ?

ಸುಮಾ: ಸ್ಯಾಂಪಲ್ ಬೋರ್‌ವೆಲ್ ಹತ್ತಿರವೋ, ನಲ್ಲಿಯಲ್ಲೋ?

ಗಿರೀಶ್: ಎರಡೂ ಕಡೆ. ಬೋರ್‌ವೆಲ್ ಹತ್ತಿರ ಸರಿಯಿದ್ದು ಕೊನೆ ಮನೆ ನಲ್ಲಿಯಲ್ಲಿ ಕೆಟ್ಟಿದ್ದರೆ ಟ್ಯಾಂಕ್, ಪೈಪ್ ನೋಡಿ. ಬ್ಯಾಕ್ಟೀರಿಯಾಕ್ಕೆ ಲ್ಯಾಬ್‌ನವರು ಕೊಡುವ ಬಾಟಲಿಯೇ ಆಗಬೇಕು. 100 ಮಿಲಿಯಲ್ಲಿ ಒಂದೂ ಇ. ಕೊಲೈ (ಮಲ ಸೇರಿದೆ ಅಂತ ತೋರಿಸುವ ಬ್ಯಾಕ್ಟೀರಿಯಾ) ಇರಬಾರದು. ಜೋರು ಮಳೆಯಾದ ಮೇಲೆ ಇನ್ನೊಮ್ಮೆ ಮಾಡಿಸಿ.

ಹಳೇಪಂಪು: ಎದುರಿಗೆ ನಿಂತು ಸ್ಯಾಂಪಲ್ ತೆಗೆಯಿರಿ, ನನ್ನ ಅಡ್ಡಿಯಿಲ್ಲ. ಇನ್ಸ್‌ಪೆಕ್ಟರ್ ವಿಷಯ ಮಾತ್ರ ಒಪ್ಪುವುದಿಲ್ಲ.