ಹೈಲೆ ದೊಡ್ಡವರೋ, ಟೆರ್ಗಟ್ ದೊಡ್ಡವರೋ?

ತುಂಗಾತೀರ: ಬೆಳಿಗ್ಗೆ ನೆಹರೂ ಕ್ರೀಡಾಂಗಣದಲ್ಲಿ ಅರ್ಧಕ್ಕೆ ನಿಂತ ವಾದವನ್ನು ಇಲ್ಲಿ ಮುಗಿಸೋಣ. 2000ರ ಸಿಡ್ನಿ ಒಲಿಂಪಿಕ್ಸ್, ಹತ್ತು ಸಾವಿರ ಮೀಟರ್ ಓಟ. ಇಥಿಯೋಪಿಯಾದ ಹೈಲೆ ಗೆಬ್ರೆಸೆಲಾಸಿ 27 ನಿಮಿಷ 18.20 ಸೆಕೆಂಡ್, ಕೀನ್ಯಾದ ಪಾಲ್ ಟೆರ್ಗಟ್ 27 ನಿಮಿಷ 18.29. ಆ ವರ್ಷದ ನೂರು ಮೀಟರ್ ಓಟದಲ್ಲೂ ಚಿನ್ನಕ್ಕೂ ಬೆಳ್ಳಿಗೂ ಇದಕ್ಕಿಂತ ಹೆಚ್ಚು ಅಂತರವಿತ್ತು. 1996ರಲ್ಲಿ ಅಟ್ಲಾಂಟಾದಲ್ಲೂ ಹೈಲೆಗೇ ಚಿನ್ನ, ಟೆರ್ಗಟ್‌ಗೆ ಬೆಳ್ಳಿ. ಇದರಲ್ಲಿ ಚರ್ಚೆಗೆ ಏನು ಉಳಿದಿದೆ?

ಸಾಗರದ ಮೇಷ್ಟ್ರು: ಏನು ಉಳಿದಿದೆಯೇ? 1995ರಿಂದ 1999ರವರೆಗೆ ಸತತ ಐದು ವರ್ಷ ಟೆರ್ಗಟ್ ವಿಶ್ವ ಕ್ರಾಸ್‌ಕಂಟ್ರಿ ಗೆದ್ದರು. ಹೈಲೆ ಅಲ್ಲಿ ಒಮ್ಮೆಯೂ ಗೆಲ್ಲಲಿಲ್ಲ. ಕೆಸರು, ಏರು, ಇಳಿಜಾರಿನಲ್ಲಿ ಗೆದ್ದವನ ಬೆಲೆ ಮಲೆನಾಡಿನವರಿಗೇ ತಿಳಿಯದಿದ್ದರೆ ಹೇಗೆ?

ಆಗುಂಬೆ ಘಾಟಿ: ಮಲೆನಾಡಿನ ಮಾತು ನೀವೇ ತೆಗೆದಿರಿ. ಹೈಲೆ ದಿನವೂ ಹತ್ತು ಕಿಲೋಮೀಟರ್ ಓಡಿ ಶಾಲೆ ಸೇರುತ್ತಿದ್ದರು. ಪುಸ್ತಕ ಹಿಡಿದ ಅಭ್ಯಾಸಕ್ಕೆ ಕೊನೆಯವರೆಗೂ ಎಡಗೈ ಮಡಚಿಯೇ ಓಡಿದರು. ನಾನೂ ಕಂಬಳಿಕೊಪ್ಪೆ ಹೊದ್ದು, ಸಂಕ ದಾಟಿ, ಆರು ಕಿಲೋಮೀಟರ್ ನಡೆದು ಶಾಲೆಗೆ ಹೋದವನು. ಅದೇ ಗುಡ್ಡ, ಅದೇ ಕಾಲು. ತರಬೇತಿ ಸಿಕ್ಕಿದ್ದರೆ ನಮ್ಮಲ್ಲೂ ಒಬ್ಬ ಹೈಲೆ ಬರುತ್ತಿದ್ದ.

ಸಾಗರದ ಮೇಷ್ಟ್ರು: ಅದೇ ಗುಡ್ಡವಲ್ಲ. ಹೈಲೆಯ ಅಸೆಲ್ಲಾ ಸಮುದ್ರಮಟ್ಟದಿಂದ ಸುಮಾರು 2400 ಮೀಟರ್ ಎತ್ತರದಲ್ಲಿದೆ. ಶಿವಮೊಗ್ಗ 600 ಮೀಟರ್ ಕೂಡ ಇಲ್ಲ. ಮುಳ್ಳಯ್ಯನಗಿರಿಯ ನೆತ್ತಿಯೇ 2000 ಮುಟ್ಟುವುದಿಲ್ಲ. ಅಷ್ಟು ಎತ್ತರದಲ್ಲಿ ಗಾಳಿ ತೆಳು. ಅಲ್ಲಿ ಬೆಳೆದವರ ದೇಹ ಆಮ್ಲಜನಕ ಹೊರುವ ಕೆಂಪು ರಕ್ತಕಣಗಳನ್ನು ಹೆಚ್ಚು ಮಾಡಿಕೊಳ್ಳುತ್ತದೆ.

ಆಗುಂಬೆ ಘಾಟಿ: ಎತ್ತರದ ಮಾತು ಯಾರು ಆಡಿದರು? ನಾನು ಹೇಳಿದ್ದು ಏರಿನ ಮಾತು. ರಕ್ತಕಣ ಎಣಿಸಿ ನಮ್ಮ ಮಕ್ಕಳನ್ನು ಹೀಗಳೆಯಬೇಡಿ!

ಹೊಸನಗರದ ಓಟಗಾರ್ತಿ: ಎತ್ತರವೂ ಅಲ್ಲ, ಏರೂ ಅಲ್ಲ. ಟೆರ್ಗಟ್ ಓದಿದ ಶಾಲೆಯಲ್ಲಿ ವಿಶ್ವ ಆಹಾರ ಕಾರ್ಯಕ್ರಮದ ಊಟ ಸಿಗುತ್ತಿತ್ತು. 2004ರಲ್ಲಿ ಅವರು ಅದೇ ಸಂಸ್ಥೆಯ ರಾಯಭಾರಿಯಾದರು. ನಾನು ಬಿಸಿಯೂಟ ಉಂಡು ಓಡಿದವಳು. ಆ ಊಟವಿಲ್ಲದಿದ್ದರೆ ತಾಲ್ಲೂಕು ಮಟ್ಟವನ್ನೂ ನೋಡುತ್ತಿರಲಿಲ್ಲ.

ಆಗುಂಬೆ ಘಾಟಿ: ತಂಗಿ, ನಮ್ಮ ಕಾಲದಲ್ಲಿ ಬಿಸಿಯೂಟವೇ ಇರಲಿಲ್ಲ. ಆದರೂ ಓಡಿದೆವು.

ಹೊಸನಗರದ ಓಟಗಾರ್ತಿ: ನಡೆದೆ ಎಂದು ಬರೆದವರು ನೀವೇ ಅಣ್ಣ.

ತುಂಗಾತೀರ: ಬಿಸಿಯೂಟಕ್ಕೂ ಹತ್ತು ಸಾವಿರ ಮೀಟರ್‌ಗೂ ಏನು ಸಂಬಂಧ? 1997ರಲ್ಲಿ ಟೆರ್ಗಟ್ 26 ನಿಮಿಷ 27.85 ಸೆಕೆಂಡ್‌ಗಳ ವಿಶ್ವದಾಖಲೆ ಬರೆದರು. ಮರುವರ್ಷವೇ ಹೈಲೆ ಅದನ್ನು 26 ನಿಮಿಷ 22.75ಕ್ಕೆ ಇಳಿಸಿದರು. ಟೆರ್ಗಟ್ 2003ರಲ್ಲಿ ಬರ್ಲಿನ್‌ನಲ್ಲಿ ಮಾಡಿದ ಮ್ಯಾರಥಾನ್ ದಾಖಲೆಯನ್ನು 2007ರಲ್ಲಿ ಅದೇ ಊರಿನಲ್ಲಿ ಮುರಿದವರೂ ಹೈಲೆಯೇ. ಪ್ರತಿ ಸಲವೂ ಹೀಗೆಯೇ.

ಸಾಗರದ ಮೇಷ್ಟ್ರು: ಪ್ರತಿ ಸಲವೂ? 2002ರ ಲಂಡನ್ ಮ್ಯಾರಥಾನ್‌ನಲ್ಲಿ ಟೆರ್ಗಟ್ ಎರಡನೆಯವರು, ಹೈಲೆ ಮೂರನೆಯವರು.

ತುಂಗಾತೀರ: ಗೆದ್ದದ್ದು ಖಾಲಿದ್ ಖನ್ನೂಚಿ. ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆಗುಂಬೆ ಘಾಟಿ: ಮೇಷ್ಟ್ರೇ, ನನಗೆ ಉತ್ತರ ಬಂದಿಲ್ಲ. ಭಾನುವಾರ ಬೆಳಿಗ್ಗೆ ಆರಕ್ಕೆ ಸೋಮೇಶ್ವರಕ್ಕೆ ಬನ್ನಿ. ಘಾಟಿಯ ಹದಿನಾಲ್ಕು ತಿರುವುಗಳನ್ನು ಓಡುತ್ತಾ ಹತ್ತಿ, ಆಮೇಲೆ ಗುಡ್ಡದ ಮಾತಾಡಿ.

ಸಾಗರದ ಮೇಷ್ಟ್ರು: ಬರುತ್ತೇನೆ. ಆದರೆ ಅಸೆಲ್ಲಾ 2400 ಮೀಟರ್.