ಅಪ್‌ಡೇಟ್: ಅಮ್ಮನ ಕೈಯ ನೀಲಿ ಕಲೆಗಳಿಗೆ ಕಾರಣ ಸಿಕ್ಕಿತು

ಪೆಟ್ಟೇನೂ ಆಗದೆ ಅಮ್ಮನ ಮುಂಗೈಗಳಲ್ಲಿ ನೀಲಿಗಟ್ಟಿದ ಕಲೆಗಳು ಏಳುತ್ತಿವೆ, ಯಾವ ವೈದ್ಯರಿಗೆ ತೋರಿಸಬೇಕು ಎಂದು ಕಳೆದ ತಿಂಗಳು ಕೇಳಿದ್ದೆ. ಮೊದಲು ಫಿಸಿಷಿಯನ್ ಬಳಿ ಹೋಗಿ ಎಂದವರ ಮಾತೇ ಸರಿಯಾಯಿತು.

ಆದರೆ ನಾನು ಮೊದಲು ಹೋದದ್ದು ಚರ್ಮವೈದ್ಯರ ಬಳಿಗೆ. ಅವರು ಗಾಜಿನ ಪಟ್ಟಿಯೊಂದನ್ನು ಕಲೆಯ ಮೇಲೆ ಒತ್ತಿ ನನಗೂ ತೋರಿಸಿದರು. ಬಣ್ಣ ಒಂದಿಷ್ಟೂ ಮಾಸಲಿಲ್ಲ. ಇದು ಚರ್ಮದಡಿ ಸೋರಿ ನಿಂತ ರಕ್ತ ಎಂದು ವಿವರಿಸಿ ಫಿಸಿಷಿಯನ್ ಬಳಿ ಕಳುಹಿಸಿದರು.

ಫಿಸಿಷಿಯನ್ ಮೊದಲು ಕೇಳಿದ್ದೇ ಮಾತ್ರೆಗಳ ಚೀಲವನ್ನು. ಹೃದಯದ ರಕ್ತನಾಳ ತೆರೆದಿಡಲು ಸ್ಟೆಂಟ್ (ಪುಟ್ಟ ಜಾಲರಿ ಕೊಳವೆ) ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಇದ್ದವು. ಚೀಲದ ತಳದಲ್ಲಿ, ಮಂಡಿನೋವಿಗೆಂದು ಅಮ್ಮ ತಾವೇ ಔಷಧಿ ಅಂಗಡಿಯಿಂದ ತರಿಸಿಕೊಂಡಿದ್ದ ಡೈಕ್ಲೋಫೆನಾಕ್ ಸಿಕ್ಕಿತು. ಹತ್ತರಲ್ಲಿ ಎರಡೇ ಉಳಿದಿದ್ದವು. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ! ಈ ಮೂರು ಮಾತ್ರೆಗಳೂ ಪ್ಲೇಟ್‌ಲೆಟ್‌ಗಳ (ರಕ್ತ ಹೆಪ್ಪುಗಟ್ಟಿಸುವ ಕಣಗಳ) ಕೆಲಸಕ್ಕೆ ಅಡ್ಡ ಬರುತ್ತವೆ. ಜೊತೆಗೆ ವಯಸ್ಸಾದವರ ತೆಳು ಚರ್ಮ. ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಸಂಖ್ಯೆ 2.3 ಲಕ್ಷ ಬಂತು, ಅಂದರೆ ಸಹಜವೇ. 1.5 ಲಕ್ಷಕ್ಕಿಂತ ಬಹಳ ಕಡಿಮೆಯಿದ್ದಿದ್ದರೆ ರಕ್ತರೋಗ ತಜ್ಞರಿಗೆ ತೋರಿಸಬೇಕಾಗುತ್ತಿತ್ತು.

ನೋವಿನ ಮಾತ್ರೆ ನಿಲ್ಲಿಸಿದರು. ಆದರೆ ಹೃದಯದ ಮಾತ್ರೆಗಳನ್ನು ಹೃದ್ರೋಗ ತಜ್ಞರನ್ನು ಕೇಳದೆ ಬಿಡಲೇಬಾರದು, ಬಿಟ್ಟರೆ ಸ್ಟೆಂಟ್‌ನೊಳಗೆ ರಕ್ತ ಹೆಪ್ಪುಗಟ್ಟಿ ಅದು ಮುಚ್ಚಿಹೋಗಬಹುದು ಎಂದು ಎರಡೆರಡು ಬಾರಿ ಹೇಳಿದರು. ಕಲೆ ಕಂಡು ಹೆದರಿ ನಾನೇ ನಿಲ್ಲಿಸಬೇಕೆಂದಿದ್ದೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಮಲ ಕಪ್ಪಾದರೆ, ತಲೆಗೆ ಪೆಟ್ಟಾದರೆ ನೇರ ತುರ್ತು ವಿಭಾಗಕ್ಕೆ ಬರಲು ತಿಳಿಸಿದ್ದಾರೆ.

ಹಳೆಯ ಕಲೆಗಳು ಕಂದಾಗಿ ಮಾಸುತ್ತಿವೆ. ಈ ವಾರ ಹೊಸದಾಗಿ ಕಂಡದ್ದು ಒಂದೇ, ಬಳೆ ಒತ್ತಿದ ಜಾಗದಲ್ಲಿ.